‘ಸಿ’ ಯಾವುದು, ‘ಡಿ’ ಯಾವುದು? ಹೊಸ ವಿಂಡೋಸ್ ಹಾಕಿಸುವ ಮುನ್ನ

ಹಗಲು ಪಾಳಿ ಮುಗಿಸಿ ಸಂಜೆ ನಮ್ಮ ವಾಚನಾಲಯಕ್ಕೆ ಬರುವ ಮಿತ್ರರು ಮೊದಲೆಲ್ಲ ಒಳಗೆ ಕಾಲಿಟ್ಟೊಡನೆ ಪತ್ರಿಕೆಗಳ ಮೇಜಿನ ಕಡೆಗೆ ಹೋಗುತ್ತಿದ್ದರು. ಈಚೆಗೆ ಕೆಲವರು ನೇರವಾಗಿ ನಮ್ಮ ಕಡೆಗೇ ಬರುತ್ತಾರೆ. ಅವರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ಮನೀ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸಬೇಕ್ರೀ. ಸಿ ಒಂದನ್ನೇ ಫಾರ್ಮ್ಯಾಟ್ ಮಾಡಿಸಿದರ ಡಿಯಲ್ಲಿದ್ದದ್ದಕ್ಕ ಏನೂ ಆಗೂದಿಲ್ಲ, ಹೌದಲ್ಲ?" ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಂದಿನಿಂದ ಈ ಪ್ರಶ್ನೆ ಹೆಚ್ಚಾಗಿದೆ. ಭೋಸರಿಯ ಕಾರಖಾನೆಗಳ ಆಫೀಸಿನಿಂದ ತೆಗೆದುಹಾಕಿದ ಯಂತ್ರಗಳನ್ನು ಕಡಿಮೆ ಬೆಲೆಗೆ ಕೊಂಡು ಮಕ್ಕಳ ಓದಿಗೆಂದು ಮನೆಗೆ ಒಯ್ದವರು ನಮ್ಮ ಸದಸ್ಯರಲ್ಲಿ ಅನೇಕರಿದ್ದಾರೆ. ಅವರಿಗೆಲ್ಲ ಒಂದೇ ಕಡೆ ಉತ್ತರ ಬರೆದಿಡುವುದು ಒಳಿತೆಂದು ಈ ಲೇಖನ.

‘ಏನೂ ಆಗುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳುವ ಧೈರ್ಯ ಈಗ ನಮಗೆ ಉಳಿದಿಲ್ಲ. ಹಾಗೆ ಹೇಳಿಕೊಂಡೇ ನಾವು ವಾಚನಾಲಯದ ‘ಡಿ’ಯನ್ನು ನಮ್ಮ ಕೈಯಾರೆ ಅಳಿಸಿದೆವು. ಅದು ಹೇಗಾಯಿತೆಂದು ತಿಳಿಯಬೇಕಾದರೆ ಡಿಸ್ಕಿನ ಪಾಲು ಮತ್ತು ಅದರ ಅಕ್ಷರ, ಇವೆರಡೂ ಬೇರೆ ಬೇರೆ ಸಂಗತಿಗಳೆಂಬುದನ್ನು ಮೊದಲು ಅರಿತುಕೊಳ್ಳಬೇಕು.

ಡಿಸ್ಕ್ ಎಂಬುದು ಒಂದು ಹೊಲವೆಂದು ಭಾವಿಸೋಣ. ಅದನ್ನು ಒಂದೇ ತುಂಡಾಗಿ ಇಟ್ಟುಕೊಳ್ಳಬಹುದು, ಇಲ್ಲವೆ ಬದು ಹಾಕಿ ಎರಡು ಮೂರು ಪಾಲು ಮಾಡಬಹುದು. ಈ ಪಾಲಿಗೇ ಪಾರ್ಟಿಶನ್ ಎನ್ನುತ್ತಾರೆ. ಯಾವ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಡಿಸ್ಕಿನ ಆರಂಭದಲ್ಲಿಯೇ ಒಂದು ಪಟ್ಟಿಯಲ್ಲಿ ಬರೆದಿಟ್ಟಿರುತ್ತದೆ. ಇದು ನಮ್ಮೂರ ಉತಾರವಿದ್ದಂತೆ. ಹಳೆಯ ಬಗೆಯ ಉತಾರಕ್ಕೆ ಎಂಬಿಆರ್ ಎಂದು ಹೆಸರು. ಅದರಲ್ಲಿ ನಾಲ್ಕೇ ಪಾಲುಗಳನ್ನು ಬರೆಯಲು ಜಾಗವಿದೆ. ಹೆಚ್ಚು ಬೇಕಾದರೆ ಒಂದು ಪಾಲನ್ನು ‘ವಿಸ್ತೃತ’ವೆಂದು ಗುರುತಿಸಿ ಅದರೊಳಗೆ ಒಳಪಾಲುಗಳನ್ನು ಮಾಡಬೇಕು. ಎರಡು ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಅದು ಪೂರ್ತಿಯಾಗಿ ಅಳೆಯಲಾರದು. ಹೊಸ ಬಗೆಯದು ಜಿಪಿಟಿ. ಇದರಲ್ಲಿ ವಿಂಡೋಸ್ 128 ಪಾಲುಗಳವರೆಗೆ ಒಪ್ಪುತ್ತದೆ. ಮೇಲಾಗಿ ಉತಾರದ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಇಟ್ಟುಕೊಳ್ಳುತ್ತದೆ. ಈ ಎರಡು ಹೆಸರುಗಳನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇವುಗಳಿಂದಲೇ ಒಂದು ಕಂಟಕ ಬರುವುದಿದೆ.

ಇನ್ನು ಅಕ್ಷರದ ವಿಚಾರ. 1981ರಲ್ಲಿ ಐಬಿಎಂ ಕಂಪನಿಯ ಪರ್ಸನಲ್ ಕಂಪ್ಯೂಟರ್ ಹೊರಬಂದಾಗ ಅದರಲ್ಲಿ ಇದ್ದುದು ಫ್ಲಾಪಿ ತಟ್ಟೆಗಳು ಮಾತ್ರ. ಅವುಗಳಿಗೆ ‘ಎ’, ‘ಬಿ’ ಎಂಬ ಅಕ್ಷರಗಳು. 1983ರಲ್ಲಿ ಎಕ್ಸ್‌ಟಿ ಎಂಬ ಮಾದರಿಯೊಡನೆ 10 ಮೆಗಾಬೈಟಿನ ಗಟ್ಟಿ ಡಿಸ್ಕ್ ಬಂದಾಗ ಮುಂದಿನ ಅಕ್ಷರವಾದ ‘ಸಿ’ ಅದರ ಪಾಲಿಗೆ ಬಂತು. ಫ್ಲಾಪಿ ಹೋಗಿ ಎಷ್ಟೋ ವರ್ಷಗಳಾದವು. ‘ಸಿ’ ಮಾತ್ರ ತನ್ನ ಸ್ಥಾನ ಬಿಟ್ಟಿಲ್ಲ. ಹೀಗಾಗಿ ‘ಸಿ’ ಎಂಬುದು ಡಿಸ್ಕಿನ ಮೇಲೆಯೇ ಕೊರೆದ ಹೆಸರೆಂದು ಜನ ತಿಳಿದಿದ್ದಾರೆ. ನಾವೂ ಹಾಗೆಯೇ ತಿಳಿದಿದ್ದೆವು.

ನಿಜಸ್ಥಿತಿ ಹಾಗಿಲ್ಲ. ಅಕ್ಷರವು ಡಿಸ್ಕಿನ ಮೇಲಿರುವುದಿಲ್ಲ. ಆ ಹೊತ್ತಿಗೆ ನಡೆಯುತ್ತಿರುವ ವಿಂಡೋಸ್ ತನ್ನ ದಫ್ತರದಲ್ಲಿ, ಅಂದರೆ ರಿಜಿಸ್ಟ್ರಿಯಲ್ಲಿ, ಬರೆದುಕೊಂಡಿರುತ್ತದೆ. ಒಬ್ಬನೇ ಮನುಷ್ಯನನ್ನು ಒಂದು ಮನೆಯಲ್ಲಿ ಮಾವ ಎನ್ನುತ್ತಾರೆ, ಪಕ್ಕದ ಮನೆಯಲ್ಲಿ ಕಾಕಾ ಎನ್ನುತ್ತಾರೆ. ಮಾವ ಎಂಬುದು ಅವನ ಹೆಸರಲ್ಲ, ಆ ಮನೆಗೂ ಅವನಿಗೂ ಇರುವ ಸಂಬಂಧ. ಡ್ರೈವಿನ ಅಕ್ಷರವೂ ಇಷ್ಟೇ. ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರುಮಾಡಿದಾಗ ನಡೆಯುವುದು ನಿಮ್ಮ ಹಳೆಯ ವಿಂಡೋಸ್ ಅಲ್ಲ. ಪೆನ್‌ಡ್ರೈವಿನಲ್ಲಿರುವ ಇನ್ನೊಂದು ಚಿಕ್ಕ ವಿಂಡೋಸ್. ಅದಕ್ಕೆ ನಿಮ್ಮ ಮನೆಯ ವಾಡಿಕೆ ಗೊತ್ತಿಲ್ಲ. ತಾನು ಕಂಡ ಸರದಿಯಲ್ಲಿ ಪಾಲುಗಳಿಗೆ ಅಕ್ಷರ ಕೊಡುತ್ತ ಹೋಗುತ್ತದೆ. ಎಂಬಿಆರ್ ಬಗೆಯ ಡಿಸ್ಕಿನಲ್ಲಿ ವಿಂಡೋಸ್ ತನಗೆಂದು ಬಚ್ಚಿಟ್ಟ ನೂರಿನ್ನೂರು ಮೆಗಾಬೈಟಿನ ಪಾಲೊಂದು ಮೊದಲಿಗೆ ಇದ್ದರೆ ಎಷ್ಟೋ ಸಲ ಅದಕ್ಕೇ ‘ಸಿ’ ದೊರಕಿ, ನಿಮ್ಮ ನಿಜವಾದ ‘ಸಿ’ಯು ‘ಡಿ’ ಆಗಿಬಿಡುತ್ತದೆ.

ವಾಚನಾಲಯದ ಯಂತ್ರದಲ್ಲಿ ಎರಡು ಡಿಸ್ಕುಗಳಿದ್ದವು. ವಿಂಡೋಸ್ ಇದ್ದದ್ದು 240 ಗಿಗಾಬೈಟಿನ ಹೊಸ ಎಸ್‌ಎಸ್‌ಡಿಯಲ್ಲಿ. ಸದಸ್ಯರ ಪಟ್ಟಿ, ಎರವಲು ಪುಸ್ತಕಗಳ ಲೆಕ್ಕ, ರಾಜ್ಯೋತ್ಸವದ ಫೋಟೋಗಳು ಇದ್ದದ್ದು 500 ಗಿಗಾಬೈಟಿನ ಹಳೆಯ ಡಿಸ್ಕಿನಲ್ಲಿ. ದಿನವೂ ನಾವು ಕಾಣುತ್ತಿದ್ದ ಪ್ರಕಾರ ಮೊದಲನೆಯದು ‘ಸಿ’, ಎರಡನೆಯದು ‘ಡಿ’. ಹೊಸ ವಿಂಡೋಸ್ ಹಾಕಲು ಕುಳಿತ ರಾತ್ರಿ ನಮ್ಮಲ್ಲೊಬ್ಬರು, ಜಾಗ ಸ್ವಚ್ಛವಾಗಲಿ ಎಂದು, ಸೆಟಪ್ಪಿನ ಕಪ್ಪು ಪರದೆಯನ್ನು ತೆರೆದು ‘ಸಿ’ಯನ್ನು ಅವಸರದ ಬಗೆಯಲ್ಲಿ ಫಾರ್ಮ್ಯಾಟ್ ಮಾಡುವಂತೆ ಅಪ್ಪಣೆ ಬರೆದರು. ಪಾಲಿಗೆ ಒಂದು ಹೆಸರು ಕೊಟ್ಟಿದ್ದರೆ ಯಂತ್ರ ಆ ಹೆಸರನ್ನು ಬರೆಯಿರಿ ಎಂದು ಕೇಳುತ್ತಿತ್ತು. ಆಗಲಾದರೂ ಕೈ ತಡೆಯುತ್ತಿತ್ತು. ನಾವು ಹೆಸರನ್ನೇ ಕೊಟ್ಟಿರಲಿಲ್ಲ. ಅದು ಹೌದೋ ಅಲ್ಲವೋ ಎಂದಷ್ಟೇ ಕೇಳಿತು, ನಾವು ಹೌದೆಂದೆವು. ಸೆಟಪ್ಪಿಗೆ ಮರಳಿದಾಗ ನೋಡುತ್ತೇವೆ, ಸಣ್ಣ ಡಿಸ್ಕ್ ತುಂಬಿಕೊಂಡೇ ಇದೆ, ದೊಡ್ಡದು ಬರಿದಾಗಿ ಕುಳಿತಿದೆ! ಆ ರಾತ್ರಿ ಮನೆಗೆ ನಡೆದು ಹೋಗುವಾಗ ಯಾರೂ ಯಾರೊಡನೆಯೂ ಮಾತಾಡಲಿಲ್ಲ.

ಆದುದರಿಂದ ಪಾಲನ್ನು ಗುರುತಿಸುವುದು ಅಕ್ಷರದಿಂದಲ್ಲ, ಅಳತೆಯಿಂದ ಮತ್ತು ಹೆಸರಿನಿಂದ. ಅಳತೆಯಲ್ಲಿ ಒಂದು ತೊಡಕಿದೆ. ಪೆಟ್ಟಿಗೆಯ ಮೇಲೆ 500 ಎಂದು ಬರೆದ ಡಿಸ್ಕನ್ನು ವಿಂಡೋಸ್ 465 ಎಂದು ತೋರಿಸುತ್ತದೆ. 240 ಇದ್ದದ್ದು 223 ಆಗುತ್ತದೆ. 256 ಇದ್ದದ್ದು 238. ಒಂದು ಟೆರಾಬೈಟಿನದು 931. ಅಂಗಡಿಯವನು ಮೋಸ ಮಾಡಿದನೆಂದು ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಮೂರು ಸಲ ಭಾಗಿಸುವಾಗ ಅಷ್ಟು ಅಂತರ ಬೀಳುತ್ತದೆ. ಗುಮಾಸ್ತ ಮಿತ್ರರು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬಹುದು.

ಹೆಸರಿನ ವಿಷಯ ಇನ್ನೂ ಮುಖ್ಯ. ಅಕ್ಷರ ವಿಂಡೋಸಿನ ದಫ್ತರದಲ್ಲಿರುತ್ತದೆ ಎಂದೆವಷ್ಟೆ; ಲೇಬಲ್ ಎಂಬ ಹೆಸರಾದರೋ ಆ ಪಾಲಿನ ಮೇಲೆಯೇ ಬರೆದಿರುತ್ತದೆ. ಯಾವ ಯಂತ್ರಕ್ಕೆ ಜೋಡಿಸಿದರೂ, ಯಾವ ಪೆನ್‌ಡ್ರೈವಿನಿಂದ ನೋಡಿದರೂ ಅದೇ ಹೆಸರು ಕಾಣುತ್ತದೆ. ‘ದಿಸ್ ಪಿಸಿ’ ತೆರೆದು, ಡ್ರೈವಿನ ಮೇಲೆ ಬಲಗುಂಡಿ ಒತ್ತಿ, ‘ರೀನೇಮ್’ ಆರಿಸಿ, ವಿಂಡೋಸ್ ಇರುವುದಕ್ಕೆ ಒಂದು ಹೆಸರು, ಕಾಗದಪತ್ರ ಇರುವುದಕ್ಕೆ ಒಂದು ಹೆಸರು ಕೊಡಿ. ಎರಡು ನಿಮಿಷದ ಕೆಲಸ. ಕನ್ನಡದಲ್ಲಿ ಕೊಡಬೇಕೆಂಬ ಆಸೆ ನಮಗೂ ಇತ್ತು. ಆದರೆ ಸೆಟಪ್ಪಿನ ಪರದೆಯಲ್ಲಿ ಕನ್ನಡದ ಬದಲು ಚೌಕಗಳು ಕಂಡರೆ ಕಷ್ಟ, ಇದೊಂದಕ್ಕೆ ಇಂಗ್ಲಿಷ್ ಅಕ್ಷರಗಳೇ ಇರಲಿ. ಬಳಿಕ ಒಂದು ಹಾಳೆಯಲ್ಲಿ ಯಾವ ಡಿಸ್ಕ್, ಎಷ್ಟು ಅಳತೆ, ಎಷ್ಟು ಪಾಲು, ಏನು ಹೆಸರು, ಎಷ್ಟು ತುಂಬಿದೆ ಎಂದು ಬರೆದುಕೊಂಡು ಕಿಸೆಯಲ್ಲಿಡಿ. ರಿಪೇರಿಯವರ ಹತ್ತಿರ ಹೋಗುವಾಗಲೂ ಆ ಹಾಳೆ ಒಯ್ಯಿರಿ.

ಈಗ ಇನ್ನೊಂದು ತಪ್ಪು ನಂಬಿಕೆ. ಬಹಳ ಮಂದಿ ತಮ್ಮ ಕಾಗದಗಳು ಡಿಯಲ್ಲಿವೆ ಎಂದು ನಂಬಿರುತ್ತಾರೆ. ವಾಸ್ತವವಾಗಿ ಅವು ಸಿಯಲ್ಲಿಯೇ ಇರುತ್ತವೆ. ಪರದೆಯ ಮೇಲೆ ಕಾಣುವ ಡೆಸ್ಕ್‌ಟಾಪ್, ‘ಡಾಕ್ಯುಮೆಂಟ್ಸ್’, ‘ಡೌನ್‌ಲೋಡ್ಸ್’, ‘ಪಿಕ್ಚರ್ಸ್’, ಇವೆಲ್ಲ ನಾವು ಬೇರೆ ಕಡೆಗೆ ಬದಲಾಯಿಸದ ಹೊರತು ಸಿಯೊಳಗಿನ ‘ಯೂಸರ್ಸ್’ ಎಂಬ ಕೋಶದಲ್ಲಿ ಇರುವಂಥವು. ಮೊಬೈಲಿನಿಂದ ಇಳಿಸಿದ ಮಗಳ ಮದುವೆಯ ಫೋಟೋ, ಪಿಎಫ್ ಪಾಸ್‌ಬುಕ್ಕಿನ ಪ್ರತಿ, ಮಗನ ಅಂಕಪಟ್ಟಿ, ಊರಿನ ಜಾತಿ ಪ್ರಮಾಣಪತ್ರ, ಎಲ್ಲವೂ ಹೆಚ್ಚಾಗಿ ಅಲ್ಲಿಯೇ ಬಿದ್ದಿರುತ್ತವೆ. ಟ್ಯಾಲಿ ಪ್ರೈಮ್ ಬಳಸುವ ಗುಮಾಸ್ತರು ಗಮನಿಸಬೇಕು: ಬೇರೆ ಜಾಗ ತೋರಿಸದಿದ್ದರೆ ಅದರ ಲೆಕ್ಕವೂ ಸಿಯಲ್ಲಿ, ‘ಯೂಸರ್ಸ್’ ಒಳಗಿನ ‘ಪಬ್ಲಿಕ್’ ಕೋಶದಲ್ಲಿ, ಬರೀ ಅಂಕಿಗಳ ಹೆಸರಿನ ಕೋಶಗಳಾಗಿ ಇರುತ್ತದೆ. ಒಂದು ವರ್ಷದ ಚಲನ್, ಜಿಎಸ್‌ಟಿ ಬಿಲ್ಲು ಎಲ್ಲ ಅದರಲ್ಲಿಯೇ ಇರುವಾಗ ‘ಸಿ ಅಷ್ಟೇ ಅಳಿಸಿ’ ಎಂದು ಹೇಳಿ ಚಹಾಕ್ಕೆ ಎದ್ದು ಹೋಗುವುದು ಎಂಥ ಕೆಲಸವಾದೀತೆಂದು ಯೋಚಿಸಿರಿ.

ಡಿಯಲ್ಲಿ ಇಟ್ಟರೆ ಪ್ರತಿ ಇಟ್ಟಂತಾಯಿತೆಂಬುದೂ ಸರಿಯಲ್ಲ. ಒಂದೇ ಹೊಲದ ಎರಡು ಪಾಲಿನಲ್ಲಿ ಬಿತ್ತಿದರೂ ಆಣೆಕಲ್ಲು ಮಳೆ ಎರಡರ ಮೇಲೂ ಬೀಳುತ್ತದೆ. ಡಿಸ್ಕ್ ಕೆಟ್ಟರೆ ಅದರಲ್ಲಿರುವ ಸಿ, ಡಿ ಎರಡೂ ಒಟ್ಟಿಗೇ ಹೋಗುತ್ತವೆ. ಪ್ರತಿ ಎಂದರೆ ಯಂತ್ರದಿಂದ ಬಿಚ್ಚಿ ಬೇರೆ ಇಡಬಹುದಾದ ಇನ್ನೊಂದು ಡಿಸ್ಕಿನಲ್ಲಿರಬೇಕು; ಅದನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ನಾಲ್ಕಾರು ಕಡತಗಳನ್ನು ತೆರೆದು ನೋಡಿದ ಮೇಲೆಯೇ ಆಯಿತೆನ್ನಬೇಕು. ವಿಂಡೋಸ್ ಹಾಕಲು ಸಿದ್ಧಪಡಿಸುವ ಪೆನ್‌ಡ್ರೈವನ್ನು ಇದಕ್ಕೆ ಬಳಸಬಾರದು. ಅದು ಕನಿಷ್ಠ 8 ಗಿಗಾಬೈಟಿನದಿರಬೇಕು, ಸಿದ್ಧಪಡಿಸುವಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ.

ಪ್ರತಿ ಆದ ಮೇಲೆ ಪಾಲು ಹೆಚ್ಚುಕಡಿಮೆ ಮಾಡುವುದಿದ್ದರೆ ವಿಂಡೋಸ್ ನಡೆಯುತ್ತಿರುವಾಗಲೇ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬ ಸಲಕರಣೆಯಿಂದ ಮಾಡುವುದು ಮೇಲು. ಅಲ್ಲಿ ಅಕ್ಷರ, ಹೆಸರು, ಅಳತೆ ಮೂರೂ ಒಟ್ಟಿಗೆ ಕಾಣುತ್ತವೆ. ‘ಶ್ರಿಂಕ್’ ಎಂದರೆ ಪಾಲನ್ನು ಕುಗ್ಗಿಸುವುದು. ನೂರು ಗಿಗಾಬೈಟ್ ಖಾಲಿ ಇದ್ದರೂ ಒಮ್ಮೊಮ್ಮೆ ಹತ್ತು ಮಾತ್ರ ಕುಗ್ಗಿಸಬಹುದೆಂದು ಅದು ಹೇಳುತ್ತದೆ. ಸರಿಸಲಾಗದ ಕಡತವೊಂದು ನಡುವೆ ಕಲ್ಲಿನಂತೆ ಕುಳಿತಿರುವುದೇ ಅದಕ್ಕೆ ಕಾರಣ. ‘ಎಕ್ಸ್‌ಟೆಂಡ್’ ಎಂದರೆ ಹಿಗ್ಗಿಸುವುದು. ಇದು ಚಾಳಿನ ಖೋಲಿಗಳ ಹಾಗೆ: ತನ್ನ ಬಲಗಡೆಗೆ ಅಂಟಿಕೊಂಡ ಖೋಲಿ ಖಾಲಿ ಇದ್ದರೆ ಮಾತ್ರ ಗೋಡೆ ಒಡೆದು ಸೇರಿಸಿಕೊಳ್ಳಬಹುದು. ಎಡಗಡೆಯದಾಗಲಿ, ಎರಡು ಖೋಲಿ ಆಚೆಯದಾಗಲಿ ಈ ಸಲಕರಣೆಗೆ ಉಪಯೋಗವಿಲ್ಲ. ಸಿ ಮತ್ತು ಡಿಯ ನಡುವೆ ‘ರಿಕವರಿ’ ಎಂಬ ಪುಟ್ಟ ಪಾಲು ಕುಳಿತಿದ್ದರೆ ಡಿಯನ್ನು ಪೂರ್ತಿ ತೆಗೆದರೂ ಸಿ ಬೆಳೆಯದಿರುವುದು ಇದರಿಂದಲೇ. ಎಂಬಿಆರ್ ಡಿಸ್ಕಿನಲ್ಲಿ ಐದನೆಯ ಪಾಲು ಮಾಡಲು ಹೋದಾಗ ‘ಡೈನಾಮಿಕ್ ಡಿಸ್ಕ್ ಮಾಡಲೇ’ ಎಂದು ಕೇಳಿದರೆ ಬೇಡವೆನ್ನಿ. ಇಷ್ಟಕ್ಕೂ ಒಂದೇ ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ನಾಲ್ಕು ತುಂಡು ಮಾಡುವ ಹಳೆಯ ಚಟ ನಮಗೆ ಹಿಡಿಸುವುದಿಲ್ಲ. ಒಂದು ಕಿಕ್ಕಿರಿದು ಇನ್ನೊಂದು ಖಾಲಿ ಬೀಳುತ್ತದೆ. 256 ಗಿಗಾಬೈಟಿನ ಡಿಸ್ಕಿಗೆ ಒಂದೇ ಪಾಲು ಸಾಕು.

ಇನ್ನು ಸೆಟಪ್ಪಿನ ಪರದೆ. ಎಲ್ಲಿ ಹಾಕಲಿ ಎಂದು ಕೇಳುವ ಆ ಪಟ್ಟಿಯಲ್ಲಿ ಅಕ್ಷರವೇ ಇರುವುದಿಲ್ಲ. ‘ಡಿಸ್ಕ್ 0, ಪಾರ್ಟಿಶನ್ 2’ ಎಂದು ಮೊದಲಾಗಿ ಇರುತ್ತದೆ, ಮುಂದೆ ಅಳತೆ, ಹೆಸರು ಕೊಟ್ಟಿದ್ದರೆ ಆ ಹೆಸರು. ಎಣಿಕೆ ಸೊನ್ನೆಯಿಂದ ಶುರು. ಕಿಸೆಯ ಹಾಳೆ ತೆಗೆದು ತಾಳೆ ನೋಡುವ ಹೊತ್ತು ಇದೇ. ಹೆದರಬೇಕಾದದ್ದು ಬೇರೆ ಒಂದು ಸಂದರ್ಭಕ್ಕೆ. ವಿಂಡೋಸ್ 11ಕ್ಕೆ ಯುಇಎಫ್‌ಐ ಎಂಬ ಹೊಸ ಬಗೆಯ ಆರಂಭಕ್ರಮ ಬೇಕು, ಆ ಕ್ರಮಕ್ಕೆ ಜಿಪಿಟಿ ಡಿಸ್ಕೇ ಆಗಬೇಕು. ಹಳೆಯ ಎಂಬಿಆರ್ ಡಿಸ್ಕ್ ಇದ್ದರೆ, ಈ ಡಿಸ್ಕಿನಲ್ಲಿ ಹಾಕಲಾಗದು ಎಂಬ ಸೂಚನೆ ಬರುತ್ತದೆ. ಆಗ ಅವಸರದ ಉಪಾಯ ಹೇಳುವವರು ಕಪ್ಪು ಪರದೆಯಲ್ಲಿ ‘ಡಿಸ್ಕ್‌ಪಾರ್ಟ್’ ತೆರೆದು ‘ಕ್ಲೀನ್’ ಎಂದು ಬರೆಯಿರಿ ಎನ್ನುತ್ತಾರೆ. ಸೂಚನೆ ಹೋಗುತ್ತದೆ, ನಿಜ. ಅದರೊಡನೆ ಸಿ, ಡಿ, ರಿಕವರಿ ಎಲ್ಲವೂ ಹೋಗುತ್ತವೆ. ಆ ಅಪ್ಪಣೆ ಒಂದು ಪಾಲನ್ನಲ್ಲ, ಇಡೀ ಡಿಸ್ಕಿನ ಉತಾರವನ್ನೇ ಹರಿದು ಹಾಕುತ್ತದೆ, ಖಚಿತವೇ ಎಂದು ಕೇಳುವುದೂ ಇಲ್ಲ. ಕಡತಗಳನ್ನು ಉಳಿಸಿಕೊಂಡು ಎಂಬಿಆರನ್ನು ಜಿಪಿಟಿ ಮಾಡುವ ‘ಎಂಬಿಆರ್2ಜಿಪಿಟಿ’ ಎಂಬ ಸಲಕರಣೆಯನ್ನು ಮೈಕ್ರೊಸಾಫ್ಟ್ 2017ರಿಂದ ವಿಂಡೋಸ್ 10ರಲ್ಲಿಯೇ ಸೇರಿಸಿದೆ. ಆದರೆ ವಿಸ್ತೃತ ಪಾಲಿನೊಳಗೆ ಡಿ ಇದ್ದರೆ ಅದು ಒಪ್ಪುವುದಿಲ್ಲ. ಹಳೆಯ ಯಂತ್ರಗಳಲ್ಲಿ ಹಾಗೆಯೇ ಇರುವುದು ಹೆಚ್ಚು. ಅಂಥಲ್ಲಿ ಎಲ್ಲವನ್ನೂ ಹೊರಗೆ ನಕಲು ಮಾಡಿಕೊಂಡು ಹೊಸದಾಗಿ ಪಾಲು ಮಾಡುವುದೇ ದಾರಿ.

ಎರಡು ಡಿಸ್ಕುಗಳಿರುವ ಡೆಸ್ಕ್‌ಟಾಪ್ ಯಂತ್ರವಾದರೆ ಇಷ್ಟೆಲ್ಲ ಎಚ್ಚರಕ್ಕಿಂತ ಮೇಲಾದ ಒಂದು ಉಪಾಯವಿದೆ. ಮುಖ್ಯ ವಿದ್ಯುತ್ತನ್ನು ತೆಗೆದು, ಪೆಟ್ಟಿಗೆ ಬಿಚ್ಚಿ, ಕಾಗದಪತ್ರವಿರುವ ಡಿಸ್ಕಿನ ಕೇಬಲನ್ನು ಕಳಚಿಬಿಡಿ. ಯಂತ್ರಕ್ಕೆ ಕಾಣದ ಡಿಸ್ಕನ್ನು ಯಾರೂ ಅಳಿಸಲಾರರು. ಲೇತು, ಗ್ರೈಂಡರು ಬಿಚ್ಚಿ ಜೋಡಿಸುವ ಕೈಗಳಿಗೆ ಇದು ಏನು ದೊಡ್ಡದು! ಇದರಿಂದ ಇನ್ನೊಂದು ಲಾಭವಿದೆ. ಎರಡೂ ಡಿಸ್ಕ್ ಜೋಡಿಸಿದ್ದಾಗ ಸೆಟಪ್ ಒಮ್ಮೊಮ್ಮೆ ವಿಂಡೋಸನ್ನು ಒಂದರಲ್ಲಿಟ್ಟು, ಯಂತ್ರ ಶುರುವಾಗಲು ಬೇಕಾದ ಚಿಕ್ಕ ಪಾಲನ್ನು ಇನ್ನೊಂದರಲ್ಲಿ ಇಟ್ಟುಬಿಡುತ್ತದೆ. ಮುಂದೆಂದೋ ಹಳೆಯ ಡಿಸ್ಕ್ ತೆಗೆದ ದಿನ ಹೊಸದೂ ಏಳುವುದಿಲ್ಲ.

ಲ್ಯಾಪ್‌ಟಾಪ್ ಉಳ್ಳವರು ಒಂದು ಕಿಲ್ಲಿಯ ವಿಚಾರ ತಿಳಿದಿರಬೇಕು. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ, ಒಡೆಯನಿಗೆ ಅರಿವಿಲ್ಲದೆಯೂ, ಬಿದ್ದಿರುತ್ತದೆ. ಹೊಸ ವಿಂಡೋಸ್ ಹಾಕಿದ ಮೇಲೆ ಉಳಿಸಿಕೊಂಡ ಡಿಯನ್ನು ತೆರೆಯಹೋದರೆ 48 ಅಂಕಿಗಳ ಕಿಲ್ಲಿ ಕೇಳಬಹುದು. ಅದಿಲ್ಲದಿದ್ದರೆ ಡಿ ಇದ್ದೂ ಇಲ್ಲದಂತೆ. ಸ್ವಂತ ಯಂತ್ರವಾದರೆ ಸಾಮಾನ್ಯವಾಗಿ ನಿಮ್ಮ ಮೈಕ್ರೊಸಾಫ್ಟ್ ಖಾತೆಯಲ್ಲಿ ಅದು ಸಿಗುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.

ಹಳೆಯ ಯಂತ್ರ ವಿಂಡೋಸ್ 11ಕ್ಕೆ ಒಗ್ಗದೆ ಲಿನಕ್ಸ್ ಹಾಕಲು ಹೊರಟವರಿಗೂ ಒಂದು ಮಾತು. ಲಿನಕ್ಸಿನಲ್ಲಿ ಸಿ, ಡಿ ಎಂಬುದೇ ಇಲ್ಲ. ಡಿಸ್ಕಿಗೆ ‘ಎಸ್‌ಡಿಎ’ ಎಂದರೆ ಅದರ ಮೊದಲ ಪಾಲಿಗೆ ‘ಎಸ್‌ಡಿಎ1’. ಉಬುಂಟುವಿನಂಥವುಗಳ ಸೆಟಪ್ಪಿನಲ್ಲಿ ‘ಡಿಸ್ಕ್ ಅಳಿಸಿ ಹಾಕು’ ಎಂಬ ಆಯ್ಕೆ ಇರುತ್ತದೆ. ಅದು ಅಳಿಸುವುದು ಸಿಯನ್ನಲ್ಲ, ಡಿಯೂ ಸೇರಿ ಇಡೀ ಡಿಸ್ಕನ್ನು. ಇನ್ನು ಶೆಡ್ಡಿನಲ್ಲಿ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಕಳುಹಿಸುವ ಹಳೆಯ ಕಂಪ್ಯೂಟರ್ ಇಂಟರ್‌ನೆಟ್ಟಿಗೆ ತಗುಲಿರದಿದ್ದರೆ, ನಮ್ಮ ಅಭಿಪ್ರಾಯದಲ್ಲಿ, ಅದನ್ನು ಮುಟ್ಟದಿರುವುದೇ ಲೇಸು. ಪ್ರೋಗ್ರಾಮುಗಳ ಪ್ರತಿ ಮಾತ್ರ ಇಂದೇ ತೆಗೆದಿಡಿ.

ತಪ್ಪಿ ಅಳಿಸಿದವರು ಮಾಡಬೇಕಾದ ಮೊದಲ ಕೆಲಸ ಯಂತ್ರವನ್ನು ನಿಲ್ಲಿಸುವುದು. ತಿರುಗುವ ಹಳೆಯ ಡಿಸ್ಕಿನಲ್ಲಿ ಉತಾರ ಹರಿದರೂ ಹೊಲದ ಬೆಳೆ ಒಮ್ಮೆಗೇ ಹೋಗುವುದಿಲ್ಲ. ಅದರ ಮೇಲೆ ಹೊಸದೇನನ್ನೂ ಬರೆಯದಿದ್ದರೆ ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ಸಲಕರಣೆ ಎಷ್ಟೋ ಸಲ ಪಾಲನ್ನು ಹುಡುಕಿ ಕೊಡುತ್ತದೆ. ಎಸ್‌ಎಸ್‌ಡಿಯಲ್ಲಿ ಈ ಆಸೆ ಕಡಿಮೆ. ಖಾಲಿಯೆಂದು ತಿಳಿಸಿದ ಜಾಗವನ್ನು ಅದು ತಾನಾಗಿಯೇ ಒರೆಸಿಬಿಡುತ್ತದೆ.

ಹೊಸ ವಿಂಡೋಸ್ ಎದ್ದ ಮೇಲೆ ಡಿಯ ಜಾಗದಲ್ಲಿ ಇ ಕಂಡರೆ ಗಾಬರಿ ಬೇಡ. ಸಿಡಿ ಹಾಕುವ ಡ್ರೈವ್ ಆ ಅಕ್ಷರವನ್ನು ಹಿಡಿದಿರಬಹುದು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಮೊದಲು ಅದಕ್ಕೆ ಝಡ್ ಕೊಟ್ಟು, ತೆರವಾದ ಡಿಯನ್ನು ನಿಮ್ಮ ಪಾಲಿಗೆ ಕೊಡಿ. ಡಿಯನ್ನೇ ನಂಬಿಕೊಂಡಿದ್ದ ಟ್ಯಾಲಿ ಮರಳಿ ತನ್ನ ಲೆಕ್ಕವನ್ನು ಕಾಣುತ್ತದೆ. ನುಡಿ ತಂತ್ರಾಂಶದಲ್ಲಿ ಹಳೆಯ ಬಗೆಯ ಅಕ್ಷರಗಳಿಂದ ಬೆರಳಚ್ಚಿಸಿದ ಪತ್ರಗಳು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಂಡರೂ ಅವು ಕೆಟ್ಟಿರುವುದಿಲ್ಲ. ಹೊಸ ವಿಂಡೋಸಿನಲ್ಲಿ ಆ ಫಾಂಟು ಇಲ್ಲ, ಅಷ್ಟೆ. ನುಡಿಯನ್ನು ಮತ್ತೆ ಹಾಕಿದರೆ ಕನ್ನಡ ಬರುತ್ತದೆ. ಇದನ್ನರಿಯದೆ ಕಡತ ಹಾಳಾಯಿತೆಂದು ಅಳಿಸಿದವರನ್ನು ನಾವು ಬಲ್ಲೆವು.

ನಮ್ಮ ಡಿಸ್ಕಿನಿಂದ ಫೋಟೋಗಳು ಬಹುಮಟ್ಟಿಗೆ ಮರಳಿ ಬಂದವು, ಹೆಸರುಗಳು ಹೋಗಿ ಬರೀ ಅಂಕಿಗಳಾಗಿ. ಸದಸ್ಯರ ಪಟ್ಟಿಯ ಒಂದು ಹಳೆಯ ಪ್ರತಿ ಮಾತ್ರ ಸಿಕ್ಕಿತು. ಬಳಿಕ ಸೇರಿದವರ ಹೆಸರುಗಳೂ ಎರವಲಿನ ಲೆಕ್ಕವೂ ಅದರಲ್ಲಿಲ್ಲ. ಪತ್ರಿಕೆಗಳ ಮೇಜಿನ ಮೇಲೆ ರೂಲು ಹಾಕಿದ ನೋಟುಬುಕ್ಕೊಂದನ್ನು ಇಟ್ಟಿದ್ದೇವೆ. ಸದಸ್ಯರು ದಯವಿಟ್ಟು ತಮ್ಮ ಹೆಸರು, ಊರು, ತಮ್ಮಲ್ಲಿರುವ ಪುಸ್ತಕದ ಹೆಸರು, ಇವಿಷ್ಟನ್ನು ಅದರಲ್ಲಿ ಬರೆದು ಹೋಗಬೇಕಾಗಿ ವಿನಂತಿ. ಪುಸ್ತಕ ಹಿಂದಿರುಗಿಸುವ ತಾರೀಖು ಮೀರಿದ್ದರೂ ಈ ಸಲ ದಂಡವಿಲ್ಲ.